ಸೊನ್ನೆ ಬೇರೆ, ಖಾಲಿ ಬೇರೆ

(ಮೂಡಿಗೆರೆಯಲ್ಲಿ ಗೆಳೆಯರು ಸೇರಿ ಇಟ್ಟುಕೊಂಡಿದ್ದ ನುಡಿನಮನದಲ್ಲಿ ಆಡಿದ ಮಾತು. ಮನೆಗೆ ಬಂದ ಮೇಲೆ ನೆನಪು ಮಾಡಿಕೊಂಡು ಬರೆದೆ. ಅಲ್ಲಿ ಗಂಟಲು ಕಟ್ಟಿ ಹೇಳಲಾಗದೆ ಉಳಿದ ಒಂದೆರಡು ಮಾತನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಕಡೂರಿನಲ್ಲಿ ಬಸ್ಸು ಹತ್ತಿದಾಗ ನೆಲ ಒಣಗಿತ್ತು. ಚಿಕ್ಕಮಗಳೂರಿಗೆ ಬರುವಷ್ಟರಲ್ಲಿ ತುಂತುರು. ಮೂಡಿಗೆರೆಯಲ್ಲಿ ಇಳಿದಾಗ ಕೊಡೆ ಬಿಚ್ಚಲೇಬೇಕಾಯ್ತು. ಐವತ್ತು ವರ್ಷದಿಂದ ಈ ದಾರಿಯಲ್ಲಿ ಓಡಾಡಿದ್ದೇನೆ. ಇಳಿದ ಕೂಡಲೇ ನನಗೆ ಎದುರಾಗುತ್ತಿದ್ದದ್ದು ಒಂದೇ ಪ್ರಶ್ನೆ. "ನಿಮ್ಮಲ್ಲಿ ಎಷ್ಟಾಯ್ತು ಮಾರಾಯ?" ಊಟ ಆಯ್ತಾ, ಆರೋಗ್ಯ ಹೇಗಿದೆ, ಇವೆಲ್ಲ ಆಮೇಲೆ. ಮೊದಲು ಮಳೆ.

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಕೇಳಲಿಲ್ಲ. ಆದರೆ ಈ ವಾರದ ಲೆಕ್ಕ ನನ್ನ ಜೇಬಿನಲ್ಲಿದೆ. ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದೇನೆ.

ಅವನ ಹೆಸರು ಇಲ್ಲಿ ಫೋಟೋದ ಕೆಳಗೆ ಬರೆದಿದೆ. ನಾನು ಆ ಹೆಸರು ಹಿಡಿದು ಕರೆದದ್ದು ತೀರಾ ಕಡಿಮೆ. 1958ರಲ್ಲಿ ಒಂದನೇ ಕ್ಲಾಸಿಗೆ ಒಟ್ಟಿಗೆ ಸೇರಿದೆವು. ಅವತ್ತಿನಿಂದ ನನಗೆ ಅವನು ಮಾರಾಯ, ಅವನಿಗೆ ನಾನು ಮಾರಾಯ. ನಾನು ಮೇಷ್ಟ್ರಾದ ಮೇಲೆ ಊರೆಲ್ಲ 'ಮೇಷ್ಟ್ರೇ' ಅಂದರೂ ಅವನು ಬದಲಾಯಿಸಲಿಲ್ಲ. ಹಾಗಾಗಿ ಇವತ್ತೂ ನಾನು ಹೆಸರು ಹೇಳೋದಿಲ್ಲ. ಹೇಳಿದರೆ ಬೇರೆ ಯಾರದೋ ವಿಷಯ ಮಾತಾಡಿದ ಹಾಗಾಗುತ್ತೆ.

ಅವನು ಬಿಟ್ಟುಹೋದದ್ದು ಕೊಟ್ಟಿಗೆಹಾರದ ಕಡೆಯ ಎಂಟು ಎಕರೆ ಕಾಫಿ ತೋಟ, ಒಂದು ಹೆಂಚಿನ ಮನೆ, ಮತ್ತೆ ಐವತ್ತೊಂದು ನೋಟ್ ಪುಸ್ತಕ. ತೋಟ, ಮನೆ ನೀವೆಲ್ಲ ನೋಡಿದ್ದೀರಿ. ನಾನು ಪುಸ್ತಕದ ವಿಷಯ ಹೇಳ್ತೀನಿ.

1974ರ ಜನವರಿ ಒಂದನೇ ತಾರೀಕಿನಿಂದ ಅವನು ದಿನವೂ ಮಳೆ ಅಳೆದ. ವರ್ಷಕ್ಕೊಂದು ಪುಸ್ತಕ. ಕಾಫಿ ಸೀಮೆಯವರಿಗೆ ಇದು ಹೊಸದಲ್ಲ, ನಮ್ಮಲ್ಲಿ ತೋಟ ಇದ್ದವರ ಮನೆಯಲ್ಲೆಲ್ಲ ಮಳೆ ಲೆಕ್ಕ ಇರುತ್ತೆ. ಸರ್ಕಾರದವರು ಮಿಲಿಮೀಟರ್ ಅಂತಾರೆ. ನಾವು ಇಂಚು ಮತ್ತು ಸೆಂಟು ಅಂತೀವಿ. ಇಲ್ಲಿ ಹಿಂದೆ ಕೂತಿರುವ ಮಕ್ಕಳಿಗೆ ಗೊತ್ತಿರಲಿ ಅಂತ ಹೇಳ್ತೀನಿ: ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಇಷ್ಟೇನಾ ಅನ್ನಿಸಬಹುದು. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ ನೀರು. ಈ ಲೆಕ್ಕವನ್ನು ಅವನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ ಮುಗಿಸಿ ಅವರ ಮುಖ ನೋಡುತ್ತಿದ್ದ. ಅವರಿಗೂ ಆಶ್ಚರ್ಯ ಆಗಬೇಕು ಅಂತ ಅವನ ಆಸೆ.

ಅಳೆಯುವ ಬುದ್ಧಿ ಅವನಿಗೆ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದ್ದೇನೆ. ನಾವು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ, ಹಳ್ಳಕ್ಕೆ ಮರದ ಸಂಕ. ಆರಿದ್ರಾ ಮಳೆ ಹಿಡಿಯಿತು ಅಂದರೆ ಹಳ್ಳ ಕೆಂಪಗಾಗಿ ಮೇಲೇರುತ್ತಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡು ನಾವಿಬ್ಬರೂ ದಡದಲ್ಲಿ ನಿಲ್ಲುತ್ತಿದ್ದೆವು. ನಾನು ಸಂಕ ನೋಡುತ್ತಿದ್ದೆ, ದಾಟಬಹುದಾ ಅಂತ. ಅವನು ಹಳ್ಳದ ನಡುವಿನ ಒಂದು ಬಂಡೆ ನೋಡುತ್ತಿದ್ದ. ಬಂಡೆಯ ಮೇಲೆ ಬಿಳಿ ಪಟ್ಟೆ ಇತ್ತು. "ಪಟ್ಟೆ ಕಾಣ್ತಿದೆ, ನಡಿ" ಅನ್ನುತ್ತಿದ್ದ. ಕಾಣದಿದ್ದರೆ ವಾಪಸ್. ಒಂದು ದಿನ ನಾನು ಹಟ ಮಾಡಿದೆ, ದಾಟೇ ದಾಟ್ತೀನಿ ಅಂತ. ಅವನು ನನ್ನ ಚೀಲ ಹಿಡಿದುಕೊಂಡು ಬಿಡಲಿಲ್ಲ. ಚೀಲದ ಪಟ್ಟಿ ಕಿತ್ತುಹೋಯ್ತು. ಮನೆಯಲ್ಲಿ ಇಬ್ಬರಿಗೂ ಬೈಗುಳ. ಸಾಯಂಕಾಲ ಹೋಗಿ ನೋಡಿದರೆ ಸಂಕವೇ ಇರಲಿಲ್ಲ. ಅವನಿಗೆ ಆಗ ಎಂಟು ವರ್ಷ.

ಅವನ ಅಪ್ಪ ಒಂದು ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಎಸ್ಟೇಟಿಗೆ ಹೊಸ ಮಳೆ ಗೇಜು ಬಂದಾಗ ಹಳೆಯದನ್ನು ಅವರಿಗೆ ಕೊಟ್ಟರು. ತಾಮ್ರದ್ದು, ಐದು ಇಂಚು ಬಾಯಿ. ಮೇಲೊಂದು ಆಲಿಕೆ, ಒಳಗೆ ಬಾಟಲಿ, ಬಾಟಲಿ ತುಂಬಿ ಚೆಲ್ಲಿದರೆ ಹಿಡಿಯೋದಕ್ಕೆ ಹೊರಗೊಂದು ಡಬ್ಬ. ಅಪ್ಪ ತೀರಿಕೊಂಡ ವರ್ಷ ಇವನು ಓದು ಬಿಟ್ಟು ತೋಟಕ್ಕೆ ನಿಂತ. ಮೊದಲು ಮಾಡಿದ ಕೆಲಸವೇ ಆ ಗೇಜಿಗೆ ಜಾಗ ಹುಡುಕಿದ್ದು. ಮರದ ನೆರಳು, ಮನೆಯ ಸೂರು ಅದರ ಹತ್ತಿರ ಇರಬಾರದು. ಯಾವ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಾದರೂ ಇರಬೇಕು. ಕಾಫಿ ತೋಟದಲ್ಲಿ ಅಂಥ ಬಯಲು ಎಲ್ಲಿ ಸಿಗುತ್ತೆ? ಕೊನೆಗೆ ಕಣದ ಪಕ್ಕದಲ್ಲಿ ನೆಟ್ಟ. ಅದಕ್ಕಾಗಿ ಎರಡು ಸಿಲ್ವರ್ ಮರ ತೆಗೆಸಿದ. ಅವನ ಅಮ್ಮ ತುಂಬ ಬೇಜಾರು ಮಾಡಿಕೊಂಡರು.

ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಿದ್ದ. ಹವಾಮಾನ ಇಲಾಖೆಯವರ ಮಳೆ ದಿನವೂ ಎಂಟೂವರೆಗೇ ಮುಗಿಯೋದು. ಹಿಂದಿನ ಬೆಳಿಗ್ಗೆ ಎಂಟೂವರೆಯಿಂದ ಇವತ್ತಿನ ಎಂಟೂವರೆವರೆಗೆ ಬಿದ್ದದ್ದು ಇವತ್ತಿನ ತಾರೀಕಿಗೆ ಬರುತ್ತೆ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿನಿಂದ ಚುನಾವಣೆಗೆ ನಿಂತಿದ್ದರಲ್ಲ, ಆಗ ಊರಿಗೆ ಊರೇ ಜಾತ್ರೆ. ನಾವೂ ಭಾಷಣ ಕೇಳೋದಕ್ಕೆ ಹೋಗಿದ್ದೆವು. ರಾತ್ರಿ ಉಳಿದುಕೋ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಲಾರಿ ಹಿಡಿದು ಮೂಡಿಗೆರೆಗೆ ಬಂದು, ಅಲ್ಲಿಂದ ಬೆಳಗಿನ ಜಾವ ನಡೆದುಕೊಂಡು ಎಂಟೂವರೆಗೆ ಗೇಜಿನ ಮುಂದೆ ನಿಂತಿದ್ದ. ಗೇಜಿನಲ್ಲಿ ಒಂದು ಹನಿಯೂ ಇರಲಿಲ್ಲ. "ಸೊನ್ನೆ ಬರೆಯೋದಕ್ಕೆ ಇಷ್ಟು ದೂರ ನಡೆದೆಯಾ?" ಅಂತ ಕೇಳಿದೆ. ಆಗ ಅವನು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಸೊನ್ನೆ ಬೇರೆ, ಖಾಲಿ ಬೇರೆ ಮಾರಾಯ. ಹೋಗಿ ನೋಡಿ ಮಳೆ ಇಲ್ಲದಿದ್ರೆ ಸೊನ್ನೆ. ನೋಡದೇ ಇದ್ರೆ ಖಾಲಿ ಬಿಡಬೇಕು. ನೋಡದೇ ಸೊನ್ನೆ ಹಾಕಿದ್ರೆ ಅದು ಸುಳ್ಳು."

ನಾನು ಗಣಿತದ ಮೇಷ್ಟ್ರು. ಸೊನ್ನೆಯ ಬಗ್ಗೆ ಮಕ್ಕಳಿಗೆ ಎಷ್ಟೋ ಪಾಠ ಮಾಡಿದ್ದೇನೆ. ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

1975ರಲ್ಲಿ ನನಗೆ ಕಡೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಲೆನಾಡಿನವನಿಗೆ ಅದು ಬೇರೆಯೇ ಲೋಕ. ರಾಗಿ ಹೊಲ, ತೆಂಗಿನ ತೋಟ, ಉರಿ ಬಿಸಿಲು. ಒಂದೇ ಜಿಲ್ಲೆ ಅಂತಾರೆ. ಆದರೆ ಕಡೂರಿನಲ್ಲಿ ವರ್ಷಪೂರ್ತಿ ಬೀಳುವ ಮಳೆ ಕೆಲವು ವರ್ಷ ಇವನ ತೋಟದಲ್ಲಿ ಜುಲೈ ತಿಂಗಳ ಹದಿನೈದು ದಿನಕ್ಕೇ ಬಿದ್ದುಬಿಡುತ್ತಿತ್ತು. ನಾನು ಮೊದಲ ರಜೆಗೆ ಬಂದಾಗ ಅಲ್ಲಿ ಮಳೆಯೇ ಇಲ್ಲ ಅಂತ ಗೋಳು ತೋಡಿಕೊಂಡೆ. "ಇಲ್ಲ ಅಂದ್ರೆ ಎಷ್ಟು ಇಲ್ಲ?" ಅಂತ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಅವನೇ ಕಡೂರಿಗೆ ಬಂದ. ತಗಡಿನ ಕೆಲಸದವರ ಹತ್ತಿರ ಐದು ಇಂಚು ಬಾಯಿಯ ಆಲಿಕೆ ಮಾಡಿಸಿದ. ಬಾಯಿ ದುಂಡಗೆ ಬರಲಿಲ್ಲ ಅಂತ ಎರಡು ಸಲ ವಾಪಸ್ ಮಾಡಿದ. ಮಳೆ ಅಳೆಯುವ ಗ್ಲಾಸು ಸಿಗಲಿಲ್ಲ. ಮೆಡಿಕಲ್ ಶಾಪಿನಿಂದ ಔಷಧಿ ಅಳೆಯುವ ಗಾಜಿನ ಕೊಳವೆ ತಂದ. ಅದರಲ್ಲಿ ಇರೋದು ಮಿಲಿಲೀಟರ್, ನಮಗೆ ಬೇಕಾದದ್ದು ಸೆಂಟು. ರಾತ್ರಿ ಸೀಮೆಎಣ್ಣೆ ದೀಪದ ಕೆಳಗೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಐದು ಇಂಚು ಅಗಲದ ಬಾಯಿ, ಅಂದರೆ ವಿಸ್ತೀರ್ಣ 19.6 ಚದರ ಇಂಚು. ಅದರ ಮೇಲೆ ಒಂದು ಇಂಚು ನೀರು ನಿಂತರೆ ಹತ್ತಿರ ಹತ್ತಿರ 322 ಮಿಲಿಲೀಟರ್. ಒಂದು ಸೆಂಟಿಗೆ 3.2. ಉತ್ತರ ಬಂದಾಗ ಅವನಿಗೆ ಆದ ಸಂತೋಷ ನೋಡಬೇಕಿತ್ತು. ಮಲಗಿದವನು ಮತ್ತೆ ಎದ್ದು ಕೊಳವೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದ. ಆ ಕೊಳವೆ ಇವತ್ತಿಗೂ ನನ್ನ ಹತ್ತಿರ ಇದೆ. ಗೆರೆ ಎರಡು ಸಲ ಮತ್ತೆ ಬರೆದಿದ್ದೇನೆ.

ಅಂದಿನಿಂದ ಅವನ ಪುಸ್ತಕದಲ್ಲಿ ಎರಡು ಕಂಬಸಾಲು. ಒಂದರ ತಲೆಯ ಮೇಲೆ 'ತೋಟ'. ಇನ್ನೊಂದರ ಮೇಲೆ 'ಕಡೂರು'.

ಭಾನುವಾರ ಸಾಯಂಕಾಲ ನಾನು ಕಾರ್ಡು ಹಾಕುತ್ತಿದ್ದೆ. ವಾರದ ಏಳು ಅಂಕಿ. ಅವನ ಕಾರ್ಡೂ ಹಾಗೇ ಬರುತ್ತಿತ್ತು. ಬರೀ ಅಂಕಿ ನೋಡಿ ನಮ್ಮ ಪೋಸ್ಟ್‌ಮ್ಯಾನಿಗೆ ಅನುಮಾನ ಬಂದು, "ಏನ್ ಮೇಷ್ಟ್ರೇ ಇದು, ಮಟ್ಕಾ ನಂಬರಾ?" ಅಂತ ಕೇಳಿದ್ದರು. ವಿಷಯ ಹೇಳಿದ ಮೇಲೆ ಅವರೂ ಕಾರ್ಡು ಕೊಡುವಾಗ, "ಓಹೋ, ಮೂಡಿಗೆರೆಯಲ್ಲಿ ಈ ವಾರ ಹನ್ನೆರಡು ಇಂಚು" ಅಂತ ಓದಿ ಹೇಳೋದಕ್ಕೆ ಶುರು ಮಾಡಿದರು. ಕೊನೆಯ ಸಾಲಿನಲ್ಲಿ ಜಾಗ ಉಳಿದರೆ ಮಾತ್ರ ಬೇರೆ ಸುದ್ದಿ. 'ಅಮ್ಮನಿಗೆ ಜ್ವರ, ಈಗ ಪರವಾಗಿಲ್ಲ.' 'ಹೂ ಚೆನ್ನಾಗಿ ಬಂದಿದೆ.' 'ಮಗಳು ಹುಟ್ಟಿದಳು, ಮಂಗಳವಾರ, 4 ಸೆಂಟು.'

ಅವನು ಮಳೆಯ ಹುಚ್ಚ ಅಂತ ಕೆಲವರು ಅಂದದ್ದುಂಟು. ನನಗೆ ಹಾಗೆ ಅನ್ನಿಸಿಲ್ಲ. ಕಾಫಿ ಬೆಳೆಯೋರ ಇಡೀ ವರ್ಷ ಮಾರ್ಚ್ ಏಪ್ರಿಲಿನ ಒಂದು ಮಳೆಯ ಮೇಲೆ ನಿಂತಿರುತ್ತೆ. ಹೂ ಮಳೆ. ಒಂದು ಇಂಚಿನಷ್ಟಾದರೂ ಒಟ್ಟಿಗೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ. ಅರ್ಧಂಬರ್ಧ ಬಿದ್ದರೆ ಮೊಗ್ಗು ಅರ್ಧಕ್ಕೇ ನಿಂತುಬಿಡುತ್ತೆ. ಹೂ ಅರಳಿದ ದಿನವೇ ಮಳೆ ಬಂದರೂ ಕಷ್ಟ. ಹೂವಾದ ಮೇಲೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು, ಕಾಯಿ ಕಚ್ಚೋದಕ್ಕೆ. ರೋಬಸ್ಟಾ ಇದ್ದವರು ಜೆಟ್ ಹಾಕಿ ನೀರು ಕೊಡ್ತಾರೆ. ಇವನದು ಅರೇಬಿಕಾ, ನೀರಿನ ಅನುಕೂಲವೂ ಇರಲಿಲ್ಲ. ಆಕಾಶ ನೋಡಿಕೊಂಡೇ ಬದುಕಬೇಕು. ನಲವತ್ತು ಸೆಂಟು ಬಿದ್ದಾಗ ಅಕ್ಕಪಕ್ಕದವರು 'ಸಾಕು ಬಿಡು, ಚೆನ್ನಾಗಾಯ್ತು' ಅನ್ನುವಾಗ ಇವನು ಸುಮ್ನೆ ಇರುತ್ತಿದ್ದ. ಸಾಲದು ಅಂತ ಅವನಿಗೆ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋದು ಯಾವಾಗ, ಗೊಬ್ಬರ ಹಾಕೋದು ಯಾವಾಗ ಅಂತ ಕೇಳಿಕೊಂಡು ಜನ ಅವನ ಜಗಲಿಗೆ ಬರುತ್ತಿದ್ದರು. ಹಳೆಯ ಪುಸ್ತಕ ತೆಗೆದು ತೋರಿಸುತ್ತಿದ್ದ. ಹೀಗೇ ಮಾಡು ಅಂತ ಹೇಳುತ್ತಿರಲಿಲ್ಲ. ಹಿಂದೆ ಹೀಗಾಗಿತ್ತು ನೋಡು ಅನ್ನುತ್ತಿದ್ದ ಅಷ್ಟೇ.

ಗಾದೆಗಳ ಮೇಲೂ ಅವನಿಗೆ ಒಂದು ಕಣ್ಣು. 'ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ' ಅನ್ನೋದನ್ನು ಮೂವತ್ತು ವರ್ಷದ ಲೆಕ್ಕ ತೆಗೆದು ನೋಡಿ ಒಪ್ಪಿಕೊಂಡಿದ್ದ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು' ಅಂತ ನಾನೊಮ್ಮೆ ಹೇಳಿದೆ. "ಅದು ನಿಮ್ಮ ರಾಗಿಯವರ ಗಾದೆ ಮಾರಾಯ. ಮಘೆಯಲ್ಲೂ ಹೀಗೇ ಹೊಡೀತಾ ಇದ್ರೆ ನಮ್ಮ ಕಾಯಿ ಕೊಳೆತು ಉದುರುತ್ತೆ" ಅಂದ. ಈಗ ಹೊರಗೆ ಬೀಳ್ತಿರೋದು ಅದೇ ಮಘೆ ಮಳೆ.

ಈಗ ಹೇಳಲು ಕಷ್ಟವಾದ ವಿಷಯಕ್ಕೆ ಬರ್ತೀನಿ. ಹೇಳದೇ ಹೋದರೆ ಅವನ ಬಗ್ಗೆ ಅರ್ಧ ಮಾತ್ರ ಹೇಳಿದ ಹಾಗೆ.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದವು. ಇಲ್ಲಿ ಬೆಲೆ ಏರಿತು. ಬೆಳೆದದ್ದನ್ನು ಕಾಫಿ ಬೋರ್ಡಿಗೇ ಕೊಡಬೇಕಿದ್ದ ಪೂಲ್ ಪದ್ಧತಿ 1996ಕ್ಕೆ ಪೂರ್ತಿ ಹೋಯ್ತು. ಬೆಳೆದವರು ತಮ್ಮ ಕಾಫಿಯನ್ನು ತಾವೇ ಮಾರಬಹುದು. ಆ ವರ್ಷಗಳಲ್ಲಿ ಇಡೀ ಸೀಮೆಯಲ್ಲಿ ಒಂದು ಉತ್ಸಾಹ. ಇವನೂ ಸಾಲ ಮಾಡಿ ಪಕ್ಕದ ಮೂರು ಎಕರೆ ಕೊಂಡ. ಎರಡು ಸಾವಿರ ಇಸವಿ ದಾಟುತ್ತಿದ್ದ ಹಾಗೆ ಬೆಲೆ ಬಿದ್ದುಹೋಯ್ತು. ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ. ಅದರ ಮೇಲೆ ಕಾಂಡಕೊರಕ. ಗಿಡಗಳನ್ನು ಸಾಲು ಸಾಲಾಗಿ ಕಿತ್ತು ಸುಡಬೇಕಾಯ್ತು. ಆ ಹೊಗೆಯ ವಾಸನೆ ಇಲ್ಲಿರುವ ಎಷ್ಟೋ ಜನಕ್ಕೆ ನೆನಪಿದೆ, ಅಲ್ವಾ?

2002ರಲ್ಲಿ ಅವನು ಕಡೂರಿಗೆ ಬಂದು ನಲವತ್ತು ಸಾವಿರ ಕೇಳಿದ. ಐವತ್ತು ವರ್ಷದ ಬದುಕಿನಲ್ಲಿ ಅವನು ನನ್ನ ಹತ್ತಿರ ಕೇಳಿದ್ದು ಅದೊಂದೇ ಸಲ. ನನ್ನ ಹತ್ತಿರ ಹಣ ಇತ್ತು. ಮನೆ ಕಟ್ಟೋದಕ್ಕೆ ಅಂತ ಇಟ್ಟುಕೊಂಡಿದ್ದೆ. ಇಲ್ಲ ಅಂತ ಹೇಳಬಹುದಿತ್ತು. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಬ್ರೆಜಿಲ್‌ನಲ್ಲಿ ಮತ್ತೆ ಹಿಮ ಬೀಳಲಿ ಅಂತ ಕಾಯ್ತಾ ಕೂತವನಿಗೆ ಹೇಗೆ ಕೊಡೋದು?" ಅಂದುಬಿಟ್ಟೆ. ಅತ್ತಿಗೆಯೂ, ಅಂದರೆ ಅವನ ಹೆಂಡತಿಯೂ, ಜೊತೆಗೆ ಬಂದಿದ್ದರು. ಅವರ ಮುಂದೆಯೇ ಅಂದೆ. ಅವನು ಏನೂ ಹೇಳಲಿಲ್ಲ. ಲೋಟದಲ್ಲಿದ್ದ ಕಾಫಿ ಪೂರ್ತಿ ಕುಡಿದ. ಎದ್ದು ಹೋದ. ಆ ಮೂರು ಎಕರೆ ಮಾರಿ ಸಾಲ ತೀರಿಸಿದ ಅಂತ ಆಮೇಲೆ ಬೇರೆಯವರಿಂದ ತಿಳಿಯಿತು.

ಭಾನುವಾರ ಬಂತು. ನಾನು ಕಾರ್ಡು ಹಾಕಲಿಲ್ಲ. ಅವನದೂ ಬರಲಿಲ್ಲ. ಹೀಗೇ ಎರಡು ವರ್ಷ ಹತ್ತಿರವಾಯ್ತು. ನಾನು ಅಳೆಯೋದನ್ನೇ ಬಿಟ್ಟೆ. ಯಾರಿಗೆ ಹೇಳಬೇಕು ಅಂತ ಅಳೆಯಲಿ? ತಗಡಿನ ಆಲಿಕೆಯಲ್ಲಿ ಎಲೆ ಬಿದ್ದು ಕೊಳೆಯಿತು.

2004ರ ಬೇಸಿಗೆಯಲ್ಲಿ ಒಂದು ಕಾರ್ಡು ಬಂತು. ಆ ಹೊತ್ತಿಗೆ ಇಬ್ಬರ ಮನೆಯಲ್ಲೂ ಫೋನು ಇತ್ತು. ಆದರೂ ಕಾರ್ಡೇ ಹಾಕಿದ್ದ. ಒಂದೇ ಸಾಲು: 'ಹೂ ಮಳೆ 1 ಇಂಚು 20 ಸೆಂಟು. ನಿಮ್ಮಲ್ಲಿ?' ನಾನು ಅವತ್ತೇ ಬಸ್ಸು ಹತ್ತಿದೆ. ತೋಟಕ್ಕೆ ಹೋದಾಗ ಕತ್ತಲಾಗಿತ್ತು. ಇನ್ನೂ ಹೂ ಬಿಟ್ಟಿರಲಿಲ್ಲ. ಹೂ ಬಿಡುವವರೆಗೂ ಉಳಿದುಕೋ ಅಂದ. ಒಂದು ವಾರ ಉಳಿದೆ. ಕ್ಷಮಿಸು ಅಂತ ನಾನು ಕೇಳಿದೆ. "ಬೆಲೆ ಬಿದ್ದಾಗ ಎಲ್ಲರ ಬಾಯೂ ಹಾಗೇ ಮಾರಾಯ" ಅಂದ. ಅತ್ತಿಗೆ ಅಷ್ಟು ಬೇಗ ಬಿಡಲಿಲ್ಲ. ಅವರ ಸಿಟ್ಟು ಇಳಿಯಲು ಮುಂದಿನ ಮಳೆಗಾಲ ಬರಬೇಕಾಯ್ತು. ಅದು ನ್ಯಾಯವೇ.

ಅವನು ಹೋಗಿ ಹನ್ನೊಂದನೇ ದಿನ ಅತ್ತಿಗೆ ಪೆಟ್ಟಿಗೆಯಿಂದ ಆ ಎಲ್ಲ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನಾನು ಮೊದಲು ಹುಡುಕಿದ್ದು ಆ ಮಧ್ಯದ ಎರಡು ವರ್ಷದ ಪುಸ್ತಕ. 'ಕಡೂರು' ಕಂಬಸಾಲನ್ನು ತೆಗೆದುಹಾಕಿರಬಹುದು ಅಂದುಕೊಂಡಿದ್ದೆ. ಹಾಗೆ ಮಾಡಿದ್ದರೂ ತಪ್ಪೇನಿರಲಿಲ್ಲ. ತೆಗೆದಿರಲಿಲ್ಲ. ಪ್ರತಿ ತಿಂಗಳೂ ಸ್ಕೇಲು ಇಟ್ಟು ಗೆರೆ ಎಳೆದಿದ್ದಾನೆ. ಪ್ರತಿ ಪುಟದ ಮೇಲೂ 'ಕಡೂರು' ಅಂತ ಬರೆದಿದ್ದಾನೆ. ಕೆಳಗೆ ಒಂದೂ ಸೊನ್ನೆ ಇಲ್ಲ. ಪೂರ್ತಿ ಖಾಲಿ ಬಿಟ್ಟಿದ್ದಾನೆ.

ನಾನು ಅತ್ತಿಗೆಗೆ ಅದನ್ನು ತೋರಿಸಿದೆ. "ತಿಂಗಳಾ ತಿಂಗಳಾ ಗೆರೆ ಎಳೀತಾ ಕೂತಿರ್ತಿದ್ರು, ನಾನು ಬೈತಿದ್ದೆ" ಅಂದರು.

ಮೊಬೈಲ್ ಬಂದ ಮೇಲೆ ಕಾರ್ಡು ನಿಂತಿತು. ದಿನವೂ ಎಂಟೂ ನಲವತ್ತಕ್ಕೆ ಫೋನು. ಒಂದು ನಿಮಿಷವೂ ಇಲ್ಲ. ಅವನ ಅಂಕಿ, ನನ್ನ ಅಂಕಿ, ಇಡ್ತೀನಿ ಮಾರಾಯ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಎರಡೂ ಕಡೆ ಸೊನ್ನೆ. ಆಗಲೂ ಫೋನು ಬರುತ್ತಿತ್ತು. ನನ್ನ ಸೊಸೆ ಒಮ್ಮೆ ಕೇಳಿದಳು, ಮಳೆಯೇ ಇಲ್ಲವಲ್ಲ ಮಾವ, ಏನು ಮಾತಾಡ್ತೀರ ಅಂತ. ಸೊನ್ನೆ ಅಂತ ಹೇಳ್ತೀವಿ ಅಂದೆ.

2013ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಅವನು ಸುದ್ದಿ ಕೇಳಿದ ಕೂಡಲೇ ಹೊರಟು ಬಂದ. ಮೂರು ದಿನ ನನ್ನ ಪಕ್ಕದಲ್ಲೇ ಇದ್ದ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಬಂದವರೆಲ್ಲ ಆಡುತ್ತಿದ್ದರು, ಅವನು ಆಡಲಿಲ್ಲ. ಎರಡನೇ ದಿನ ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋದ. ನನ್ನ ತಗಡಿನ ಗೇಜು ತೆಗೆದು ಅಳೆದ. ಚೀಟಿಯಲ್ಲಿ ಬರೆದು ನನ್ನ ಅಂಗಿಯ ಜೇಬಿಗೆ ಹಾಕಿದ. 18 ಸೆಂಟು. ನಾನು ಆ ಚೀಟಿ ಇಟ್ಟುಕೊಂಡಿದ್ದೇನೆ. ಮೊನ್ನೆ ಅವನ 2013ರ ಪುಸ್ತಕ ನೋಡಿದೆ. ಆ ಮೂರು ದಿನ 'ಕಡೂರು' ಕಂಬಸಾಲಿನಲ್ಲಿ ಅಂಕಿ ಇದೆ. 'ತೋಟ' ಖಾಲಿ.

2019ರ ಆಗಸ್ಟ್ ನಿಮಗೆಲ್ಲ ಗೊತ್ತಿರುವ ಕಥೆ. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿಯಿತು. ಚಾರ್ಮಾಡಿ ಘಾಟಿ ಬಂದ್ ಆಯ್ತು. ಜನ ಮನೆ, ಗದ್ದೆ, ತೋಟ ಕಳೆದುಕೊಂಡರು. ಆ ರಾತ್ರಿ ಇವನು ಬೆಳಗಿನವರೆಗೆ ಕಾಯಲಿಲ್ಲ. ಟಾರ್ಚು ಹಿಡಿದುಕೊಂಡು ಹೋಗಿ ಮಧ್ಯರಾತ್ರಿಯೇ ಬಾಟಲಿ ಅಳೆದ. ಎರಡು ಗಂಟೆ ಬಿಟ್ಟು ಮತ್ತೆ ಅಳೆದ. ಬಾಟಲಿ ಮತ್ತೆ ತುಂಬಿತ್ತು. ಒಳಗೆ ಬಂದು ಹಳೆಯ ಪುಸ್ತಕಗಳ ಜುಲೈ, ಆಗಸ್ಟ್ ಪುಟ ತಿರುಗಿಸಿದ. ನಲವತ್ತೈದು ವರ್ಷದಲ್ಲಿ ಅಂಥ ಅಂಕಿ ಒಂದೂ ಸಿಗಲಿಲ್ಲ. ಕೂಡಲೇ ಕೆಳಗೆ ಕೆಲಸದವರು ಇರುವ ಲೈನು ಮನೆಗೆ ಹೋಗಿ ಎರಡು ಸಂಸಾರವನ್ನು ಎಬ್ಬಿಸಿ ಜಗಲಿಗೆ ಕರೆದುಕೊಂಡು ಬಂದ. ಅವರಿಗೆ ಬರುವ ಮನಸ್ಸಿರಲಿಲ್ಲ, ಆ ಮಳೆಯಲ್ಲಿ ಮಕ್ಕಳನ್ನು ಎತ್ತಿಕೊಂಡು ಎಲ್ಲಿಗೆ ಅಂತ. "ಇಷ್ಟು ಮಳೆ ನಾನು ಯಾವತ್ತೂ ಬರೆದಿಲ್ಲ, ಏಳಿ" ಅಂದನಂತೆ. ಬೆಳಕು ಹರಿಯುವಷ್ಟರಲ್ಲಿ ಲೈನು ಮನೆಯ ಹಿಂದಿನ ಧರೆ ಜರಿದಿತ್ತು. ಹಿಂದಿನ ಗೋಡೆ ಒಳಗೆ ಬಿದ್ದಿತ್ತು. ಆ ಸಂಸಾರದವರು ಇವತ್ತು ಇಲ್ಲಿಗೆ ಬಂದಿದ್ದಾರೆ. ಅಂದು ತೊಡೆಯ ಮೇಲೆ ಮಲಗಿ ಬಂದ ಮಗು ಈಗ ಶಾಲೆಗೆ ಹೋಗ್ತಿದೆ.

ಮರುದಿನ ಸಂಪರ್ಕ ಸಿಕ್ಕಾಗ ಅವನು ಇದನ್ನು ಹೇಳಲೇ ಇಲ್ಲ. ಮಳೆ ಎಷ್ಟು ಅಂತ ಹೇಳಿದ. ನನಗೆ ಕೇಳಿದ್ದು ಸರಿಯಾಯ್ತಾ ಅಂತ ಎರಡು ಸಲ ಕೇಳಿದೆ. ಲೈನು ಮನೆಯ ವಿಷಯ ಅತ್ತಿಗೆ ತಿಂಗಳ ನಂತರ ಹೇಳಿದರು.

ಅವನಲ್ಲಿ ಎಲ್ಲವೂ ಸರಿಯಿತ್ತು ಅಂತ ನಾನು ಹೇಳೋದಿಲ್ಲ. ಮಳೆ ಅಳೆದ ಹಾಗೆ ತನ್ನ ಮೈಯನ್ನು ಅಳೆದುಕೊಳ್ಳಲಿಲ್ಲ. ಎದೆ ಹಿಡಿದ ಹಾಗಾಗುತ್ತೆ ಅಂತ ಹೋದ ವರ್ಷವೇ ಅಂದಿದ್ದ. ಡಾಕ್ಟರ ಹತ್ತಿರ ಹೋಗು ಅಂದರೆ ಕೊಯ್ಲು ಮುಗೀಲಿ ಅಂದ. ಕೊಯ್ಲು ಮುಗಿದ ಮೇಲೆ ಹೂವಾಗಲಿ ಅಂದ. ನಾನು ಇನ್ನೂ ಜೋರು ಮಾಡಬೇಕಿತ್ತು. ಚಿಕ್ಕಂದಿನಲ್ಲಿ ಅವನು ನನ್ನ ಚೀಲ ಹಿಡಿದು ನಿಲ್ಲಿಸಿದ ಹಾಗೆ ನಾನು ಹಿಡಿಯಬೇಕಿತ್ತು.

ಈ ಪುಷ್ಯ ಮಳೆಯ ಹೊತ್ತಿಗೆ ನಾಲ್ಕು ದಿನ ಇಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಎಂಟೂ ನಲವತ್ತಕ್ಕೆ ಫೋನು ಬರಲಿಲ್ಲ. ಮಳೆ ಜೋರಾದಾಗ ಪ್ರತಿ ವರ್ಷವೂ ಹೀಗಾಗುತ್ತಿತ್ತು. ಅದಕ್ಕೇ ನಾನು ಗಾಬರಿಯಾಗಲಿಲ್ಲ. ನನ್ನ ಅಂಕಿಯನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡು ಸ್ಕೂಲಿನ ಹತ್ತಿರ ಪೇಪರ್ ಓದಲು ಹೋದೆ. ಆ ಹೊತ್ತಿಗೆ ಅವನು ಹೋಗಿ ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಬೆಳಗಿನ ಜಾವ ಎದೆ ನೋವು ಬಂತಂತೆ. ದಾರಿಗೆ ಮರ ಬಿದ್ದಿತ್ತು. ಮರ ಕಡಿದು ಜೀಪು ಬರುವಷ್ಟರಲ್ಲಿ ಮುಗಿದಿತ್ತು. ಅವನ ಅಣ್ಣನ ಮಗ ಬೈಕಿನಲ್ಲಿ ಮೂಡಿಗೆರೆಗೆ ಬಂದು, ನೆಟ್‌ವರ್ಕ್ ಸಿಕ್ಕ ಜಾಗದಿಂದ ನನಗೆ ಫೋನು ಮಾಡಿದ.

ನಾನು ಬಂದು ತಲುಪಿದಾಗ ಎಲ್ಲ ಮುಗಿದಿತ್ತು. ಮುಖ ನೋಡಲಿಲ್ಲ. ಅದನ್ನು ಹೆಚ್ಚು ಹೇಳಲಾರೆ.

ಮಳೆ ಮಾತ್ರ ನಿಂತಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅವನ ಮಗಳು ಜಗಲಿಯಿಂದ ಕಣದ ಕಡೆ ನೋಡ್ತಾ ನಿಂತಿದ್ದಳು. "ದೊಡ್ಡಪ್ಪ, ಅಪ್ಪನ ಗೇಜು ಯಾರೂ ನೋಡಿಲ್ಲ" ಅಂದಳು. ಇಬ್ಬರೂ ಒಂದೇ ಕೊಡೆಯಲ್ಲಿ ಹೋದೆವು. ಬಾಟಲಿ ತುಂಬಿ ಹೊರಗಿನ ಡಬ್ಬಕ್ಕೆ ಇಳಿದಿತ್ತು. ಜಗಲಿಗೆ ತಂದು ಅಳೆದೆವು. ಗ್ಲಾಸಿಗೆ ನಾನು ಸುರಿದೆ, ಅವಳು ಓದಿದಳು. ಡಬ್ಬದ್ದೂ ಸೇರಿಸಿದರೆ 11 ಇಂಚು 64 ಸೆಂಟು.

ಅವಳು ಪುಸ್ತಕ ತೆಗೆದಳು. ಕೊನೆಯ ಅಂಕಿ ಅವನ ಕೈಯದು. ಅದರ ಕೆಳಗೆ ಪೆನ್ನು ಇಟ್ಟು ಕೇಳಿದಳು, "ನಾಲ್ಕು ದಿನಕ್ಕೂ ಭಾಗ ಮಾಡಿ ಬರೀಲಾ ದೊಡ್ಡಪ್ಪ? ಇಲ್ಲದಿದ್ರೆ ಖಾಲಿ ಕಾಣುತ್ತಲ್ಲ."

ಬೇಡ ಅಂದೆ. ಮೊದಲ ಮೂರು ದಿನ ಹಾಗೇ ಬಿಡು. ಇವತ್ತಿನ ತಾರೀಕಿಗೆ ಪೂರ್ತಿ ಬರಿ. ಪಕ್ಕದಲ್ಲಿ 'ನಾಲ್ಕು ದಿನದ್ದು ಒಟ್ಟು' ಅಂತ ಹಾಕು.

ಹಾಗೇ ಬರೆದಳು. ಬರೆದು ಪೆನ್ನನ್ನು ಪಕ್ಕದ ಕಂಬಸಾಲಿಗೆ ಸರಿಸಿದಳು.

"ಕಡೂರು ಎಷ್ಟು?"

ಜೇಬಿಗೆ ಕೈ ಹಾಕಿದೆ. ಚೀಟಿ ಒದ್ದೆಯಾಗಿತ್ತು, ಆದರೆ ಓದಬಹುದಿತ್ತು. ನಾನು ಹೊರಟ ಬೆಳಿಗ್ಗೆಯವರೆಗಿನ ಲೆಕ್ಕ ಅದರಲ್ಲಿತ್ತು. ಅಷ್ಟನ್ನು ಬರೆಸಿದೆ. ಆಮೇಲಿನ ಎರಡು ದಿನ ಖಾಲಿ ಬಿಡು ಅಂದೆ.